ಹತ್ತೊಂಬತ್ತು ತುಂಡಿನ ಒಂದು ಪದ

ಮಕ್ಕಳೇ, ಇವತ್ತು ನಿಮಗೊಂದು ಪದ ಕೊಡುತ್ತೇನೆ. ಗಾಬರಿಯಾಗಬೇಡಿ. ಪಕ್ಕದಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಅವರನ್ನೂ ಕರೆದು ಕೂರಿಸಿಕೊಳ್ಳಿ. ಈ ಕೆಲಸಕ್ಕೆ ಇಬ್ಬರಿದ್ದರೆ ಚೆನ್ನ.

ನ್ಯೂಮೊನೊಅಲ್ಟ್ರಾಮೈಕ್ರೊಸ್ಕಾಪಿಕ್‌ಸಿಲಿಕೊವಾಲ್ಕೇನೊಕೋನಿಯೋಸಿಸ್.

ಇದು ವಾಕ್ಯವಲ್ಲ, ಒಂದೇ ಒಂದು ಇಂಗ್ಲಿಷ್ ಪದ. ಇಂಗ್ಲಿಷಿನಲ್ಲಿ ಬರೆದರೆ 45 ಅಕ್ಷರ. ದೊಡ್ಡ ಇಂಗ್ಲಿಷ್ ನಿಘಂಟುಗಳಲ್ಲಿ ಸಿಗುವ ಪದಗಳಲ್ಲಿ ಇದೇ ಅತಿ ಉದ್ದದ್ದೆಂದು ಹೆಸರಾಗಿದೆ. ಶಾಲೆಯಲ್ಲಿ ಯಾರಾದರೂ ‘ಇದನ್ನು ಹೇಳು ನೋಡೋಣ’ ಎಂದು ಸವಾಲು ಹಾಕಿದರೆ ಅರ್ಧ ದಾರಿಯಲ್ಲಿ ಉಸಿರು ನಿಂತೇ ಹೋಗುತ್ತದೆ. ಕೆಲವರು ಇದನ್ನು ಗಿಳಿಪಾಠ ಮಾಡಿ ಒಪ್ಪಿಸುತ್ತಾರೆ. ಹತ್ತು ದಿನ ಬಿಟ್ಟು ಕೇಳಿದರೆ ಮರೆತಿರುತ್ತಾರೆ. ಬಾಯಿಪಾಠ ಬೇಡ, ಬಿಡಿಸುವುದನ್ನು ಕಲಿಯೋಣ. ಬಿಡಿಸಲು ಬಂದರೆ ಇದೊಂದೇ ಅಲ್ಲ, ನಾಳೆ ಎದುರಾಗುವ ಯಾವ ಉದ್ದನೆಯ ಪದಕ್ಕೂ ಹೆದರಬೇಕಾಗಿಲ್ಲ.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ನನ್ನದು. ಅಲ್ಲಿಯ ಒಂದು ಉದಾಹರಣೆ ಕೊಡುತ್ತೇನೆ. 123456789 ಎಂದು ಒಟ್ಟಿಗೆ ಬರೆದರೆ ಓದಲು ತಡವರಿಸುತ್ತೀರಿ. ಅದನ್ನೇ 12,34,56,789 ಎಂದು ಬರೆದರೆ ‘ಹನ್ನೆರಡು ಕೋಟಿ ಮೂವತ್ತನಾಲ್ಕು ಲಕ್ಷ…’ ಎಂದು ಸರಾಗವಾಗಿ ಬರುತ್ತದೆ. ಅಂಕಿಗಳು ಅವೇ, ಅಲ್ಪವಿರಾಮಗಳನ್ನು ಸರಿಯಾದ ಜಾಗದಲ್ಲಿ ಹಾಕಿದೆವು, ಅಷ್ಟೇ. ಉದ್ದನೆಯ ಪದಕ್ಕೂ ಇದೇ ಉಪಾಯ.

ಅಕ್ಷರ ಬೇರೆ, ತುಂಡು ಬೇರೆ

ಮೊದಲು ಒಂದು ಸಣ್ಣ ಆಟ. ಗದ್ದದ ಕೆಳಗೆ ಅಂಗೈಯನ್ನು ಮುಟ್ಟಿಸಿ ಹಿಡಿದುಕೊಳ್ಳಿ. ಈಗ ನಿಧಾನವಾಗಿ ‘ಕರ್ನಾಟಕ’ ಎನ್ನಿ. ಗದ್ದ ನಾಲ್ಕು ಸಲ ಕೆಳಗಿಳಿಯಿತು: ಕರ್-ನಾ-ಟ-ಕ. ಬಾಯಿ ಒಂದು ಸಲ ತೆರೆದು ಬರುವ ದನಿಯೇ ಒಂದು ತುಂಡು. ಇಂಗ್ಲಿಷಿನಲ್ಲಿ ಇದಕ್ಕೆ ಸಿಲಬಲ್ ಎನ್ನುತ್ತಾರೆ. ಪ್ರತಿ ತುಂಡಿನ ಹೊಟ್ಟೆಯಲ್ಲೂ ಒಂದು ಸ್ವರ ಇರುತ್ತದೆ. ಸ್ವರವೆಷ್ಟೋ ತುಂಡೂ ಅಷ್ಟೆ.

ಕನ್ನಡದಲ್ಲಿ ಇದು ಸುಲಭ. ನಾವು ಬರೆಯುವುದೇ ಸ್ವರ ಹಿಡಿದು. ಕ, ಕಾ, ಕಿ, ಕೀ ಎಂದು ಕಾಗುಣಿತ ಬರೆಯುವಾಗಲೇ ವ್ಯಂಜನದ ಜೊತೆ ಸ್ವರ ಸೇರಿಹೋಗಿರುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಅಕ್ಷರ ಎಣಿಸಿದರೆ ತುಂಡಿನ ಲೆಕ್ಕ ಸಿಗುವುದಿಲ್ಲ. ಬಲ ಎಂಬುದರ ಬಹುವಚನವಾದ ‘ಸ್ಟ್ರೆಂತ್ಸ್’ ಎಂಬ ಪದ ನೋಡಿ: ಎಸ್, ಟಿ, ಆರ್, ಇ, ಎನ್, ಜಿ, ಟಿ, ಎಚ್, ಎಸ್. ಒಂಬತ್ತು ಅಕ್ಷರ, ತುಂಡು ಮಾತ್ರ ಒಂದೇ! ಇನ್ನು ‘ಏರಿಯ’ ಎಂಬ ಪದಕ್ಕೆ ನಾಲ್ಕೇ ಅಕ್ಷರ: ಎ, ಆರ್, ಇ, ಎ. ತುಂಡು ಮೂರು: ಏ-ರಿ-ಯ. ಬೇಕಿದ್ದರೆ ಗದ್ದ ಹಿಡಿದು ನೋಡಿ.

ನಾವು ಕನ್ನಡಿಗರು ಇಂಗ್ಲಿಷ್ ಪದಗಳಿಗೆ ಪ್ರೀತಿಯಿಂದ ಒಂದೊಂದು ತುಂಡನ್ನು ಸೇರಿಸುತ್ತೇವೆ. ಅವರ ಬಸ್ ಒಂದು ತುಂಡು, ನಮ್ಮ ಬಸ್ಸು ಎರಡು. ಅವರ ಸ್ಕೂಲ್ ಒಂದು, ನಮ್ಮ ಹಳ್ಳಿಯ ಇಸ್ಕೂಲು ಮೂರು. ಕನ್ನಡ ಮಾತಾಡುವಾಗ ಇದರಲ್ಲಿ ತಪ್ಪೇನೂ ಇಲ್ಲ, ಆ ಪದಗಳು ನಮ್ಮ ಮನೆಗೆ ಬಂದ ಮೇಲೆ ನಮ್ಮ ಬಟ್ಟೆ ತೊಟ್ಟಿವೆ. ಆದರೆ ಇಂಗ್ಲಿಷ್ ಓದುವಾಗ ಆ ಹೆಚ್ಚಿನ ತುಂಡನ್ನು ಕಳಚಿಡಬೇಕು.

ಎರಡು ಬಗೆಯ ಬಿಡಿಸುವಿಕೆ

ಪದವನ್ನು ಬಿಡಿಸುವುದರಲ್ಲಿ ಎರಡು ಬಗೆ ಉಂಟು. ಎರಡನ್ನೂ ನೀವು ಕನ್ನಡ ತರಗತಿಯಲ್ಲಿ ಮಾಡುತ್ತೀರಿ. ‘ಊರಲ್ಲಿ’ ಪದವನ್ನು ಬಿಡಿಸಿ ಬರೆಯಿರಿ ಎಂದರೆ ಊರು + ಅಲ್ಲಿ ಎನ್ನುತ್ತೀರಿ. ಇದು ಅರ್ಥದ ಪ್ರಕಾರ ಬಿಡಿಸಿದ್ದು. ಬಾಯಲ್ಲಿ ಹೇಳುವಾಗ ಮಾತ್ರ ಅದು ಊ-ರಲ್-ಲಿ. ಇದು ದನಿಯ ಪ್ರಕಾರ ಬಿಡಿಸಿದ್ದು. ಮೊದಲನೆಯದು ಸಂಧಿ ಬಿಡಿಸುವ ಕೆಲಸ, ಎರಡನೆಯದು ಪ್ರಸ್ತಾರ ಹಾಕುವ ಕೆಲಸ. ನಮ್ಮ ಉದ್ದನೆಯ ಪದಕ್ಕೆ ಎರಡೂ ಬೇಕು. ಮೊದಲು ಸಂಧಿ ಬಿಡಿಸೋಣ. ಆರು ಕಟ್ಟುಗಳು ಸಿಗುತ್ತವೆ.

ನ್ಯೂಮೊನೊ: ಗ್ರೀಕ್ ಭಾಷೆಯಿಂದ ಬಂದದ್ದು. ಶ್ವಾಸಕೋಶ ಎಂದರ್ಥ. ಇಂಗ್ಲಿಷಿನಲ್ಲಿ 8 ಅಕ್ಷರ, 3 ತುಂಡು.

ಅಲ್ಟ್ರಾ: ಲ್ಯಾಟಿನ್. ಆಚೆಯ, ಮೀರಿದ. 5 ಅಕ್ಷರ, 2 ತುಂಡು.

ಮೈಕ್ರೊಸ್ಕಾಪಿಕ್: ಗ್ರೀಕ್. ‘ಮೈಕ್ರೊ’ ಎಂದರೆ ಸಣ್ಣದು, ‘ಸ್ಕೋಪ್’ ಎಂದರೆ ನೋಡುವುದು. ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವಂಥದ್ದು. 11 ಅಕ್ಷರ, 4 ತುಂಡು.

ಸಿಲಿಕೊ: ಲ್ಯಾಟಿನ್ನಿನ ಚಕಮಕಿ ಕಲ್ಲಿನ ಹೆಸರಿನಿಂದ ಬಂದದ್ದು. ಮರಳಿನಲ್ಲಿ, ಬೆಣಚುಕಲ್ಲಿನಲ್ಲಿ ಇರುವ ಸಿಲಿಕ. 6 ಅಕ್ಷರ, 3 ತುಂಡು.

ವಾಲ್ಕೇನೊ: ಜ್ವಾಲಾಮುಖಿ. ರೋಮನ್ನರ ಅಗ್ನಿದೇವ ವಲ್ಕನ್‌ನ ಹೆಸರು ಇದರೊಳಗಿದೆ. 7 ಅಕ್ಷರ, 3 ತುಂಡು.

ಕೋನಿಯೋಸಿಸ್: ಗ್ರೀಕ್. ‘ಕೋನಿ’ ಎಂದರೆ ಧೂಳು, ‘ಓಸಿಸ್’ ಎಂದರೆ ಒಂದು ಸ್ಥಿತಿ, ಹೆಚ್ಚಾಗಿ ಕಾಯಿಲೆಯ ಸ್ಥಿತಿ. 8 ಅಕ್ಷರ, 4 ತುಂಡು.

ಬ್ಯಾಂಕಿನವರು ಕೂಡಿಸದೆ ಪುಟ ಮುಚ್ಚುವುದಿಲ್ಲ. 8, 5, 11, 6, 7, 8 ಕೂಡಿ: 45. ಅಕ್ಷರದ ಲೆಕ್ಕ ತಾಳೆಯಾಯಿತು. 3, 2, 4, 3, 3, 4 ಕೂಡಿ: 19. ಇದೇ ತುಂಡಿನ ಲೆಕ್ಕ.

ಆರು ಕಟ್ಟಿನ ಅರ್ಥ ಜೋಡಿಸಿದರೆ ಪದವೇ ತನ್ನ ಕಥೆ ಹೇಳುತ್ತದೆ: ಸೂಕ್ಷ್ಮದರ್ಶಕಕ್ಕೂ ಕಷ್ಟವಾಗುವಷ್ಟು ಸಣ್ಣದಾದ, ಜ್ವಾಲಾಮುಖಿಯಿಂದ ಬಂದ ಸಿಲಿಕದ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಕಾಯಿಲೆ. ನೋಡಿದಿರಾ? ನಿಘಂಟು ತೆರೆಯದೆ ಅರ್ಥ ತಿಳಿಯಿತು.

ಮೂಕ ಪಿ ಮಾತಾಡುವುದು ಯಾವಾಗ?

ಒಂದು ಸಂದೇಹ ಉಳಿದಿದೆ. ಈ ಪದ ಶುರುವಾಗುವುದು ಪಿ ಅಕ್ಷರದಿಂದ: ಪಿ, ಎನ್, ಇ, ಯು… ಆದರೆ ನಾವು ‘ನ್ಯೂ’ ಎನ್ನುತ್ತೇವೆ. ಪಿ ಎಲ್ಲಿ ಹೋಯಿತು?

ಹಳೆಯ ಗ್ರೀಕರು ಪದದ ಮೊದಲಲ್ಲೇ ‘ಪ್ನ’ ಎಂದು ಹೇಳುತ್ತಿದ್ದರು. ಇಂಗ್ಲಿಷರ ನಾಲಿಗೆಗೆ ಅದು ಒಗ್ಗಲಿಲ್ಲ. ಬರವಣಿಗೆಯಲ್ಲಿ ಪಿ ಉಳಿಯಿತು, ಬಾಯಲ್ಲಿ ಬಿದ್ದುಹೋಯಿತು. ನ್ಯುಮೋನಿಯ, ಸೈಕಾಲಜಿ, ಹಾರುವ ಪ್ರಾಚೀನ ಪ್ರಾಣಿಯಾದ ಟೆರೊಡ್ಯಾಕ್ಟಿಲ್, ಇವೆಲ್ಲದರ ಮೊದಲಲ್ಲೂ ಒಂದು ಮೂಕ ಪಿ ಕುಳಿತಿದೆ.

ನಮಗೂ ಅಷ್ಟೆ. ‘ಸ್ವಪ್ನ’ ಎಂದು ಸಲೀಸಾಗಿ ಹೇಳುತ್ತೇವೆ, ಯಾಕೆಂದರೆ ಅಲ್ಲಿ ಪಕಾರ ಹಿಂದಿನ ತುಂಡಿಗೆ ಒರಗಿಕೊಳ್ಳುತ್ತದೆ: ಸ್ವಪ್-ನ. ಆದರೆ ‘ಪ್ನ’ ಎಂದು ಶುರುವಾಗುವ ಪದ ನಮ್ಮ ದಿನಬಳಕೆಯಲ್ಲಿ ಎಲ್ಲಿದೆ? ಮುಂದೆ ಸ್ವರವಿಲ್ಲದೆ ಒರಗಲು ಗೋಡೆಯೇ ಇಲ್ಲ.

ಇಂಗ್ಲಿಷಿನಲ್ಲೂ ಒರಗಲು ಗೋಡೆ ಸಿಕ್ಕಾಗ ಮೂಕ ಪಿ ಮಾತಾಡುತ್ತದೆ. ಹೆಲಿಕಾಪ್ಟರ್ ನೋಡಿ. ಎಲ್ಲರೂ ಇದನ್ನು ಹೆಲಿ + ಕಾಪ್ಟರ್ ಎಂದುಕೊಂಡಿದ್ದಾರೆ. ನಿಜವಾಗಿ ‘ಹೆಲಿಕೊ’ ಎಂದರೆ ಸುರುಳಿ, ಉಳಿದದ್ದು ರೆಕ್ಕೆ ಎಂಬ ಅರ್ಥದ ಗ್ರೀಕ್ ಪದ. ಟೆರೊಡ್ಯಾಕ್ಟಿಲ್‌ನ ಮೊದಲಲ್ಲಿ ಮೂಕವಾಗಿದ್ದದ್ದು ಇದೇ ರೆಕ್ಕೆಯ ಪಿ! ಹೆಲಿಕಾಪ್ಟರಿನಲ್ಲಿ ಅದು ಹಿಂದಿನ ತುಂಡಿಗೆ ಅಂಟಿಕೊಂಡು ಕೇಳಿಸುತ್ತದೆ: ಹೆ-ಲಿ-ಕಾಪ್-ಟರ್. ಗೊರಕೆ ಹೊಡೆಯುವ ಅಜ್ಜಂದಿರಿಗೆ ವೈದ್ಯರು ಹೇಳುವ ‘ಸ್ಲೀಪ್ ಆಪ್ನಿಯ’ದಲ್ಲೂ ಹಾಗೇ. ಉಸಿರಾಡು ಎಂಬ ಅದೇ ಗ್ರೀಕ್ ಮೂಲ, ಆದರೆ ಇಲ್ಲಿ ಪಿ ಬಾಯಿ ಬಿಟ್ಟಿದೆ: ಆಪ್-ನಿ-ಯ. ಅರ್ಥದ ಪ್ರಕಾರ ಬಿಡಿಸಿದ್ದು ಒಂದು ಕಡೆ, ದನಿಯ ಪ್ರಕಾರ ಬಿಡಿಸಿದ್ದು ಇನ್ನೊಂದು ಕಡೆ. ಊರಲ್ಲಿ ಆದದ್ದೇ ಇಲ್ಲೂ ಆಯಿತು.

ಲಘು, ಗುರು ಮತ್ತು ಇಂಗ್ಲಿಷಿನ ಒತ್ತು

ಈಗ ದನಿಯ ಪ್ರಕಾರ ಬಿಡಿಸೋಣ:

ನ್ಯೂ-ಮೊ-ನೊ-ಅಲ್-ಟ್ರಾ-ಮೈ-ಕ್ರೊ-ಸ್ಕಾ-ಪಿಕ್-ಸಿ-ಲಿ-ಕೊ-ವಾಲ್-ಕೇ-ನೊ-ಕೋ-ನಿ-ಓ-ಸಿಸ್.

ಕೊನೆಯ ಕಡೆ ‘ನಿ’ ಆದ ಮೇಲೆ ‘ಓ’ ಹೇಳುವಾಗ ನಾಲಿಗೆ ತಾನಾಗಿ ಒಂದು ಯಕಾರ ಸೇರಿಸಿ ‘ನಿಯೋ’ ಮಾಡಿಬಿಡುತ್ತದೆ. ನಮ್ಮ ಆಗಮ ಸಂಧಿಯೂ ಇದನ್ನೇ ಮಾಡುತ್ತದಲ್ಲವೇ? ಮನೆ + ಅನ್ನು ಮನೆಯನ್ನು ಆದ ಹಾಗೆ.

ತುಂಡುಗಳೆಲ್ಲ ಸರಿಯಾಗಿದ್ದರೂ ಹೇಳುವಾಗ ಇನ್ನೂ ಏನೋ ಕೊರತೆ ಅನ್ನಿಸುತ್ತದೆ. ಅದು ಒತ್ತಿನ ಕೊರತೆ. ಒತ್ತು ಎಂದರೆ ಇಲ್ಲಿ ಒತ್ತಕ್ಷರ ಅಲ್ಲ, ದನಿಯ ಒತ್ತು.

ಅಜ್ಜ ಅಜ್ಜಿಯರಿಗೆ ಲಘು ಗುರು ನೆನಪಿರಬೇಕು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರವೂ ಗುರು. ನಮ್ಮ ಮಾತಿನಲ್ಲಿ ಗುರು ಎಷ್ಟು ಬೇಕಾದರೂ ಸಾಲಾಗಿ ಬರಬಹುದು. ‘ರಾಜಾಜ್ಞೆ’ ಎನ್ನುವಾಗ ರಾ ಮತ್ತು ಜಾ ಎರಡಕ್ಕೂ ಅದರದರ ಪೂರ್ತಿ ಪಾಲು ಸಿಗುತ್ತದೆ. ಯಾರಿಗೂ ಮೋಸವಿಲ್ಲ. ಇಂಗ್ಲಿಷ್ ಹಾಗಲ್ಲ. ಅದು ಒಂದು ತುಂಡನ್ನು ಹೆಗಲ ಮೇಲೆ ಕೂರಿಸಿಕೊಂಡು ಮಿಕ್ಕವನ್ನು ನಡೆಸಿಕೊಂಡು ಹೋಗುತ್ತದೆ. ಹೆಗಲ ಮೇಲಿನ ತುಂಡು ಗಟ್ಟಿ, ಉದ್ದ, ಸ್ಪಷ್ಟ. ಮಿಕ್ಕವು ಸಣ್ಣಗೆ, ಅರೆಬರೆ. ಬಾಳೆಹಣ್ಣಿಗೆ ನಾವು ‘ಬನಾನಾ’ ಎಂದರೆ ಅವರು ಬ-‘ನಾ’-ನ ಎನ್ನುತ್ತಾರೆ. ನಡುವಿನದು ಮಾತ್ರ ತುಂಬಿದ ಬಾಯಿ. (ಒತ್ತು ಬೀಳುವ ತುಂಡನ್ನು ಹೀಗೆ ಗುರುತು ಹಾಕಿ ತೋರಿಸುತ್ತೇನೆ.)

ಒತ್ತಿನ ಜಾಗ ಬದಲಾದರೆ ಕೆಲವೊಮ್ಮೆ ಅರ್ಥವೇ ಬದಲಾಗುತ್ತದೆ. ‘ಪ್ರೆ’-ಸೆಂಟ್ ಎಂದರೆ ಉಡುಗೊರೆ. ಹಾಜರಿ ಕೂಗಿದಾಗ ನೀವು ಹೇಳುವುದೂ ಇದೇ. ಪ್ರಿ-‘ಸೆಂಟ್’ ಎಂದರೆ ಕೊಡು, ಅರ್ಪಿಸು. ಬರವಣಿಗೆಯಲ್ಲಿ ಎರಡೂ ಒಂದೇ.

ಹಾಗಾದರೆ ಒತ್ತು ಎಲ್ಲಿ ಬೀಳುತ್ತದೆ ಎಂದು ತಿಳಿಯುವುದು ಹೇಗೆ? ಉದ್ದನೆಯ ಪದಗಳಲ್ಲಿ ಬಾಲ ನೋಡಬೇಕು. ಬಾಲ ದಾರಿ ತೋರಿಸುತ್ತದೆ. ನಾಲ್ಕು ಬಾಲ ನೆನಪಿಟ್ಟುಕೊಳ್ಳಿ.

‘ಷನ್’ ಬಾಲ: ಒತ್ತು ಅದರ ಹಿಂದಿನ ತುಂಡಿಗೆ. ಎ-ಜು-‘ಕೇ’-ಷನ್. ಎಗ್-ಸಾ-ಮಿ-‘ನೇ’-ಷನ್.

‘ಇಕ್’ ಬಾಲ: ಇದಕ್ಕೂ ಹಿಂದಿನ ತುಂಡಿಗೇ ಒತ್ತು. ಸೈ-ಎನ್-‘ಟಿ’-ಫಿಕ್. ಎ-ಕ-‘ನಾ’-ಮಿಕ್. ಲೆಕ್ಕಕ್ಕೆ ಹೇಳುವ ಅ-‘ರಿತ್’-ಮ-ಟಿಕ್ ಮಾತ್ರ ಹಟಮಾರಿ, ಅದು ಈ ಮಾತು ಕೇಳುವುದಿಲ್ಲ.

‘ಇಟಿ’ ಬಾಲ: ಇಲ್ಲೂ ಬಾಲದ ಹಿಂದೆ ಒತ್ತು. ಇ-‘ಲೆಕ್’-ಟ್ರಿಕ್ ಎನ್ನುವಾಗ ನಡುವೆ ಇದ್ದ ಒತ್ತು, ಇ-ಲೆಕ್-‘ಟ್ರಿ’-ಸಿ-ಟಿ ಎಂದಾಗ ಮುಂದಕ್ಕೆ ಸರಿಯಿತು.

‘ಓಸಿಸ್’ ಬಾಲ: ಒತ್ತು ಬಾಲದೊಳಗಿನ ‘ಓ’ ಮೇಲೆಯೇ. ಕತ್ತು ನೋವಿನವರಿಗೆ ಗೊತ್ತಿರುವ ಸ್ಪಾಂ-ಡಿ-‘ಲೋ’-ಸಿಸ್. ಕ್ಷಯಕ್ಕೆ ಹೇಳುವ ಟ್ಯು-ಬರ್-ಕ್ಯು-‘ಲೋ’-ಸಿಸ್.

ಫೋಟೊ ಪದದ ಸಂಸಾರದಲ್ಲಿ ಈ ಆಟ ಚೆನ್ನಾಗಿ ಕಾಣುತ್ತದೆ. ‘ಫೋ’-ಟೊ-ಗ್ರಾಫ್. ಫ-‘ಟಾ’-ಗ್ರ-ಫಿ. ಫೋ-ಟೊ-‘ಗ್ರಾ’-ಫಿಕ್. ಒಂದೇ ಮನೆಯ ಮೂವರು, ಮೂರು ಕಡೆ ಒತ್ತು. ಒತ್ತು ತಪ್ಪಿದ ತುಂಡಿನ ಸ್ವರ ಹೇಗೆ ಸೊರಗಿತು ಎಂಬುದನ್ನೂ ಗಮನಿಸಿ. ‘ಫೋ’ ಇದ್ದದ್ದು ‘ಫ’ ಆಗಿಬಿಟ್ಟಿತು.

ಈಗ ನಮ್ಮ ಪದಕ್ಕೆ ಬನ್ನಿ. ಆರು ಕಟ್ಟಿಗೆ ಆರು ಒತ್ತು ಹಾಕೋಣ: ‘ನ್ಯೂ’ಮೊನೊ, ‘ಅಲ್’ಟ್ರಾ, ಮೈಕ್ರೊ‘ಸ್ಕಾ’ಪಿಕ್, ‘ಸಿ’ಲಿಕೊ, ವಾಲ್‘ಕೇ’ನೊ, ಕೋನಿ‘ಯೋ’ಸಿಸ್. ಮೊದಲ ಐದು ಹಗುರವಾದ ಒತ್ತು, ಕೊನೆಯ ‘ಯೋ’ ಎಲ್ಲಕ್ಕಿಂತ ಗಟ್ಟಿ.

ಅಭ್ಯಾಸವನ್ನು ಹಿಂದಿನಿಂದ ಶುರುಮಾಡಿ. ಮೊದಲು ‘ಕೋನಿಯೋಸಿಸ್’ ಹತ್ತು ಸಲ. ಆಮೇಲೆ ‘ವಾಲ್ಕೇನೊ-ಕೋನಿಯೋಸಿಸ್’. ಆಮೇಲೆ ‘ಸಿಲಿಕೊ-ವಾಲ್ಕೇನೊ-ಕೋನಿಯೋಸಿಸ್’. ಹೀಗೆ ಪ್ರತಿ ಸಲ ಮುಂದೆ ಒಂದು ಕಟ್ಟು ಸೇರಿಸುತ್ತಾ ಬನ್ನಿ. ಮೊದಲಿನಿಂದ ಶುರುಮಾಡಿದರೆ ಗೊತ್ತಿದ್ದದ್ದರಿಂದ ಗೊತ್ತಿಲ್ಲದ್ದಕ್ಕೆ ಹೋಗುತ್ತೀರಿ, ಕಾಲು ತೊಡರುತ್ತದೆ. ಹಿಂದಿನಿಂದ ಬಂದರೆ ಗೊತ್ತಿಲ್ಲದ್ದರಿಂದ ಗೊತ್ತಿದ್ದದ್ದಕ್ಕೆ ಬರುತ್ತೀರಿ, ಮನೆಯ ಕಡೆ ನಡೆದ ಹಾಗೆ. ಭಾಷೆ ಕಲಿಸುವವರು ಬಳಸುವ ಹಳೆಯ ಉಪಾಯ ಇದು.

ಹೆಸರು ಹೇಳಲು ಬಂದರೆ ಏನು ಲಾಭ?

‘ಇದೆಲ್ಲ ಕಸರತ್ತು ಯಾಕೆ?’ ಎಂದು ಯಾರಾದರೂ ಕೇಳಬಹುದು. ಬ್ಯಾಂಕಿನಲ್ಲಿದ್ದಾಗ ನಡೆದದ್ದೊಂದನ್ನು ಹೇಳುತ್ತೇನೆ. ಪಂಪ್‌ಸೆಟ್ ಸಾಲಕ್ಕೆ ಬಂದಿದ್ದ ವಯಸ್ಸಾದ ರೈತರೊಬ್ಬರ ಮುಂದೆ ಕಾಗದ ಇಟ್ಟು, ‘ಇದು ಹೈಪಾಥಿಕೇಷನ್ ಪತ್ರ, ಇಲ್ಲಿ ರುಜು ಹಾಕಿ ಗೌಡರೇ’ ಎಂದೆ. ಅವರು ಪೆನ್ನು ಕೆಳಗಿಟ್ಟರು. ‘ಹೆಸ್ರು ಹೇಳಕ್ಕೂ ಬರ್ದಿರೋ ಕಾಗ್ದಕ್ಕೆ ನಾನು ಹೆಂಗೆ ರುಜು ಹಾಕ್ಲಿ ಸ್ವಾಮಿ?’ ಎಂದರು.

ಅವರ ಮಾತು ನ್ಯಾಯವಾಗಿತ್ತು. ಕುರ್ಚಿ ಕೊಟ್ಟು ಕೂರಿಸಿ, ಹೈ-ಪಾ-ಥಿ-‘ಕೇ’-ಷನ್ ಎಂದು ಐದು ತುಂಡು ಮಾಡಿ ಹೇಳಿಕೊಟ್ಟೆ. ‘ಹೈಪೊ’ ಎಂದರೆ ಅಡಿಯಲ್ಲಿ, ಉಳಿದದ್ದು ‘ಇಡುವುದು’. ಚಿನ್ನವನ್ನು ಗಿರವಿ ಇಟ್ಟರೆ ಅದು ಬ್ಯಾಂಕಿನ ತಿಜೋರಿಗೆ ಹೋಗುತ್ತದೆ. ಇದರಲ್ಲಿ ಪಂಪ್‌ಸೆಟ್ ನಿಮ್ಮ ತೋಟದಲ್ಲೇ ಇರುತ್ತದೆ, ಅದರ ಮೇಲಿನ ಹಕ್ಕು ಮಾತ್ರ ಸಾಲ ತೀರುವವರೆಗೆ ಬ್ಯಾಂಕಿಗೆ ಅಡವು ಎಂದು ವಿವರಿಸಿದೆ. ಅವರು ಎರಡು ಸಲ ಹೇಳಿಕೊಂಡರು, ನಾಲ್ಕು ಪ್ರಶ್ನೆ ಕೇಳಿದರು, ಆಮೇಲೆ ರುಜು ಹಾಕಿದರು. ಹೆಸರು ಬಾಯಿಗೆ ಬಂದ ಮೇಲೆಯೇ ಅವರಿಗೆ ಪ್ರಶ್ನೆ ಕೇಳುವ ಧೈರ್ಯ ಬಂದದ್ದು.

ಆಟಿಕೆಯ ಒಳಗಿನ ನಿಜ

ನಮ್ಮ 45 ಅಕ್ಷರದ ಪದ ಹುಟ್ಟಿದ್ದು ತಮಾಷೆಗೆ. 1935ರಲ್ಲಿ ನ್ಯೂಯಾರ್ಕಿನಲ್ಲಿ ಪದಬಂಧ, ಒಗಟು ಬಿಡಿಸುವವರ ಸಂಘವಾದ ನ್ಯಾಷನಲ್ ಪಜ್ಲರ್ಸ್ ಲೀಗ್ ಸಭೆ ಸೇರಿತ್ತು. ಅದರ ಅಧ್ಯಕ್ಷ ಎವರೆಟ್ ಸ್ಮಿತ್ ಅತಿ ಉದ್ದದ ಪದ ಬೇಕೆಂದೇ ಇದನ್ನು ಕಟ್ಟಿದರು. ಪತ್ರಿಕೆಯಲ್ಲಿ ಬಂತು, ಜನರಿಗೆ ರುಚಿಸಿತು, ಮುಂದೆ ನಿಘಂಟುಗಳೂ ಸೇರಿಸಿಕೊಂಡವು. ಆಕ್ಸ್‌ಫರ್ಡ್ ನಿಘಂಟು ಇದು ಕೃತಕವಾಗಿ ಕಟ್ಟಿದ ಪದ ಎಂಬುದನ್ನೂ ತಿಳಿಸುತ್ತದೆ. ವೈದ್ಯರು ಯಾರೂ ಇದನ್ನು ಬಳಸುವುದಿಲ್ಲ.

ಆದರೆ ಪದದ ಒಳಗಿರುವ ಕಾಯಿಲೆ ತಮಾಷೆಯಲ್ಲ. ಮೊದಲ ಕಟ್ಟನ್ನೂ ಕೊನೆಯ ಕಟ್ಟನ್ನೂ ಜೋಡಿಸಿದರೆ ನ್ಯೂಮೊಕೋನಿಯೋಸಿಸ್ ಎಂಬ ನಿಜವಾದ ವೈದ್ಯಕೀಯ ಪದ ಸಿಗುತ್ತದೆ. ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಗಳಿಗೆಲ್ಲ ಅದು ಮನೆತನದ ಹೆಸರು. ಅವುಗಳಲ್ಲಿ ಸಿಲಿಕದ ಧೂಳಿನಿಂದ ಬರುವುದಕ್ಕೆ ನಾಲ್ಕೇ ತುಂಡಿನ ಹೆಸರು: ಸಿ-ಲಿ-‘ಕೋ’-ಸಿಸ್.

ಜ್ವಾಲಾಮುಖಿಯ ಹತ್ತಿರ ಹೋಗಬೇಕಾಗಿಲ್ಲ. ಕಲ್ಲು ಒಡೆಯುವಲ್ಲಿ, ಕೊರೆಯುವಲ್ಲಿ, ಪುಡಿ ಮಾಡುವಲ್ಲಿ ಈ ಧೂಳು ಏಳುತ್ತದೆ. ತಲೆಗೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಕಣಗಳು ಉಸಿರಿನೊಂದಿಗೆ ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲೇ ಕೂರುತ್ತವೆ. ಅವುಗಳ ಸುತ್ತ ಗಾಯದ ಕಲೆ ಕಟ್ಟಿ, ಮೆತ್ತಗಿರಬೇಕಾದ ಶ್ವಾಸಕೋಶ ಬಿರುಸಾಗುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಆಮೇಲೆ ಕೂತಲ್ಲೇ ಏದುಸಿರು. ಪೂರ್ತಿ ವಾಸಿಮಾಡುವ ಮದ್ದಿಲ್ಲ. ಕ್ಷಯ ತಗಲುವ ಅಪಾಯವೂ ಹೆಚ್ಚು.

ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ ಬೆಣಚುಕಲ್ಲನ್ನು ಕೊರೆದು ಚಿನ್ನ ತೆಗೆಯುತ್ತಿದ್ದರು. ನೆಲದ ಕೆಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ದುಡಿದ ಅನೇಕರು ಈ ಕಾಯಿಲೆ ಹೊತ್ತು ಮೇಲೆ ಬಂದರು. 2001ರಲ್ಲಿ ಗಣಿ ಮುಚ್ಚಿತು.

ಇನ್ನೊಂದು ಊರು ಮಧ್ಯಪ್ರದೇಶದ ಮಂದ್‌ಸೌರ್. ಅಲ್ಲಿ ಕಲ್ಲನ್ನು ಗರಗಸದಿಂದ ಕೊಯ್ದು ಸ್ಲೇಟಿನ ಕಡ್ಡಿ ಮಾಡುತ್ತಾರೆ. ಅಜ್ಜ ಅಜ್ಜಿಯರೇ, ನಾವು ಅಆಇಈ ತಿದ್ದಿದೆವಲ್ಲ, ಅಂಥ ಕಡ್ಡಿ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಅಲ್ಲಿನ ಕಾರ್ಮಿಕರನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಮಕ್ಕಳು ಅಕ್ಷರ ಕಲಿಯಲೆಂದು ಕಡ್ಡಿ ಕೊಯ್ದವರ ಎದೆಯಲ್ಲಿ ಆ ಕಡ್ಡಿಯ ಧೂಳು ಉಳಿಯಿತು.

ಇಲ್ಲಿ ಹೆಸರಿಗೆ ಎಷ್ಟು ಬೆಲೆ ನೋಡಿ. ಸಿಲಿಕೋಸಿಸ್ ಹೊರನೋಟಕ್ಕೆ ಕ್ಷಯದಂತೆಯೇ ಕಾಣಬಹುದು. ‘ಟಿಬಿ’ ಎಂದೋ ‘ದಮ್ಮು’ ಎಂದೋ ಹೇಳಿ ಕಳಿಸಿದರೆ ಅದು ಆ ಮನುಷ್ಯನೊಬ್ಬನ ಹಣೆಬರಹ. ‘ಸಿಲಿಕೋಸಿಸ್’ ಎಂದು ಬರೆದರೆ ಅದು ಕೆಲಸದಿಂದ ಬಂದ ಕಾಯಿಲೆ. ಕಾನೂನಿನ ಪ್ರಕಾರ ಅದನ್ನು ಕಂಡ ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕು. ಕಾರ್ಮಿಕರಿಗೆ ಪರಿಹಾರ ಕೊಡಬೇಕಾದ ಕಾಯಿಲೆಗಳ ಪಟ್ಟಿಯಲ್ಲೂ ಆ ಹೆಸರಿದೆ. ಕಲ್ಲು ಕೊಯ್ಯುವಾಗ ನೀರು ಬಿಟ್ಟು ಧೂಳು ಏಳದಂತೆ ಮಾಡುವುದು, ಎದ್ದ ಧೂಳನ್ನು ಅಲ್ಲೇ ಹೀರಿಕೊಳ್ಳುವ ಯಂತ್ರ ಇಡುವುದು, ಸರಿಯಾದ ಮುಖಗವಸು ಕೊಡುವುದು, ಇಷ್ಟು ಮಾಡಿದರೆ ಈ ಕಾಯಿಲೆಯನ್ನು ತಡೆಯಬಹುದು. ಆದರೆ ಅದನ್ನು ಕೇಳಬೇಕಾದವನಿಗೆ ಮೊದಲು ಹೆಸರು ಹೇಳಲು ಬರಬೇಕು. ನಾಲ್ಕೇ ತುಂಡು.

ಮನೆಯಲ್ಲಿ ಆಡುವ ಆಟ

ಈಗ ನಿಮ್ಮ ಸರದಿ. ಕೆಳಗಿನ ಪದಗಳನ್ನು ದನಿಯ ಪ್ರಕಾರ ಬಿಡಿಸಿ, ತುಂಡು ಎಣಿಸಿ, ಒತ್ತಿನ ಗುರುತು ಹಾಕಿ. ಗುರುತು ಹಾಕುವಾಗ ಬಾಲ ನೋಡುವುದನ್ನು ಮರೆಯಬೇಡಿ. ಬಾಲ ಗೊತ್ತಿಲ್ಲದಿದ್ದರೆ ಗದ್ದ ಹಿಡಿದು ಹೇಳಿ ನೋಡಿ. ಮಕ್ಕಳು ಪದ ಓದಲಿ, ಹಿರಿಯರು ಅರ್ಥ ಊಹಿಸಲಿ. ಉತ್ತರ ಕೊನೆಯಲ್ಲಿದೆ, ಮೊದಲೇ ಇಣುಕಬೇಡಿ.

ಒಂದು: ಯುನಿವರ್ಸಿಟಿ.

ಎರಡು: ಆಸ್ಟಿಯೊಪೊರೋಸಿಸ್. ಅಜ್ಜಿಯಂದಿರ ಮೂಳೆಗೆ ಸಂಬಂಧಪಟ್ಟದ್ದು.

ಮೂರು: ಎಲೆಕ್ಟ್ರೊಕಾರ್ಡಿಯೊಗ್ರಾಮ್. ಮೂರಕ್ಷರದ ಅಡ್ಡಹೆಸರಿನಿಂದ ಎಲ್ಲರಿಗೂ ಪರಿಚಯ.

ನಾಲ್ಕು: ಸೂಪರ್‌ಆನ್ಯುಯೇಷನ್. ನನ್ನಂಥವರಿಗೆ ಆಗಿರುವಂಥದ್ದು.

ಐದು: ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್. 29 ಅಕ್ಷರ. ಯಾವುದನ್ನಾದರೂ ಹುಲ್ಲುಕಡ್ಡಿಗೆ ಸಮಾನ ಎಂದು ತಳ್ಳಿಹಾಕುವ ಸ್ವಭಾವಕ್ಕೆ ಈ ಹೆಸರು. ‘ಬೆಲೆಯಿಲ್ಲದ್ದು’ ಎಂದು ಹೇಳಲು ಬಳಸುವ ನಾಲ್ಕು ಲ್ಯಾಟಿನ್ ಪದಗಳನ್ನು ಸಾಲಾಗಿ ಅಂಟಿಸಿ ಕಟ್ಟಿದ್ದು. ಅದರಲ್ಲಿ ‘ಪಿಲಿ’ ಎಂದರೆ ಒಂದು ಕೂದಲು. ನಮಗೆ ಹುಲ್ಲುಕಡ್ಡಿ, ಅವರಿಗೆ ಕೂದಲು!

ಅಜ್ಜ ಅಜ್ಜಿಯರಿಗೆ ಇನ್ನೊಂದು ಮಾತು. ಮುಂದಿನ ಸಲ ಆಸ್ಪತ್ರೆಯಿಂದ ವರದಿ ತಂದಾಗ ಅದನ್ನು ಮಡಚಿ ಕವರಿನಲ್ಲಿ ಇಟ್ಟುಬಿಡಬೇಡಿ. ಮೊಮ್ಮಗನನ್ನೋ ಮೊಮ್ಮಗಳನ್ನೋ ಕರೆದು ಅದರಲ್ಲಿರುವ ಅತಿ ಉದ್ದದ ಪದವನ್ನು ತುಂಡು ಮಾಡಿಸಿ. ಇಬ್ಬರೂ ಸೇರಿ ಗಟ್ಟಿಯಾಗಿ ಹೇಳಿ ನೋಡಿ. ಆಮೇಲೆ ವೈದ್ಯರ ಹತ್ತಿರ ಹೋದಾಗ ಆ ಹೆಸರು ಹಿಡಿದೇ ಪ್ರಶ್ನೆ ಕೇಳಿ.

ಉತ್ತರಗಳು: ಒಂದು, ಯು-ನಿ-‘ವರ್’-ಸಿ-ಟಿ, ಐದು ತುಂಡು. ಎರಡು, ಆಸ್-ಟಿ-ಒ-ಪೊ-‘ರೋ’-ಸಿಸ್, ಆರು ತುಂಡು. ಮೂಳೆಯಲ್ಲಿ ಸಣ್ಣ ಸಣ್ಣ ತೂತು ಬೀಳುವ ಸ್ಥಿತಿ. ಮೂರು, ಇ-ಲೆಕ್-ಟ್ರೊ-‘ಕಾರ್’-ಡಿ-ಒ-ಗ್ರಾಮ್, ಏಳು ತುಂಡು; ವಿದ್ಯುತ್, ಹೃದಯ, ಬರಹ, ಅಂದರೆ ಇಸಿಜಿ. ನಾಲ್ಕು, ಸೂ-ಪರ್-ಆ-ನ್ಯು-‘ಏ’-ಷನ್, ಆರು ತುಂಡು. ವರ್ಷ ಮೀರಿತು, ಮನೆಗೆ ಹೋಗಿ ಎಂದರ್ಥ. ಐದು, ಫ್ಲಾಕ್-ಸಿ-ನಾ-ಸಿ-ನಿ-ಹಿ-ಲಿ-ಪಿ-ಲಿ-ಫಿ-‘ಕೇ’-ಷನ್, ಹನ್ನೆರಡು ತುಂಡು.